ಸಾಮ್ಯವೂ ಸಮತೆಯೂ

ಕ್ರಿಸ್ತನು ಜನರಿಗೆ ಹೇಳಿದ ಕಿರುಗತೆಗಳಿಗೆ ಕನ್ನಡ ಬೈಬಲ್ಲಿನ ಹಳೆಯ ಭಾಷಾಂತರದಲ್ಲಿ ‘ಸಾಮ್ಯ’ವೆಂಬ ಹೆಸರಿದೆ. ಕಂಡುದನ್ನು ಹೋಲಿಕೆಯಾಗಿಟ್ಟು ಕಾಣದುದನ್ನು ತಿಳಿಸುವ ಮಾತು ಎಂಬುದು ಭಾಷಾಂತರಕಾರರ ಅಭಿಪ್ರಾಯವಾಗಿರಬೇಕು. ಆದರೆ ಕನ್ನಡದಲ್ಲಿ ಸಾಮ್ಯವೆಂದರೆ ಹೋಲಿಕೆ ಮಾತ್ರವಲ್ಲ, ಸಮತೆಯೂ ಹೌದು. ಬಿತ್ತುವವನು, ಕೂಲಿಯಾಳು, ಸಾಲಗಾರ, ಕುರಿ ಕಾಯುವವನು, ನಾಣ್ಯ ಕಳೆದುಕೊಂಡ ಬಡ ಹೆಂಗಸು ಇವರೇ ಪಾತ್ರಗಳಾದ ಕಥೆಗಳಿಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ಕಷ್ಟ. ವ್ಯಥೆಯ ಸಂಗತಿಯೇನೆಂದರೆ, ಈ ಕಥೆಗಳನ್ನು ಹೇಳುವವರಲ್ಲಿ ಬಹುಮಂದಿ ಹೋಲಿಕೆಯನ್ನು ಹಿಡಿದು ಸಮತೆಯನ್ನು ಬಿಟ್ಟರು. ಈಚೆಗೆ ಹೊರಟ ಕೆಲವರು ಸಮತೆಯನ್ನು ಹಿಡಿದು ಹೋಲಿಕೆಯನ್ನು ಬಿಟ್ಟಿರುವರು. ಇಬ್ಬರ ಕೈಯಲ್ಲಿಯೂ ಕಥೆಯು ಸೊರಗಿದೆ.

ಮೊದಲನೆಯವರ ವಾದವು ಸುಪರಿಚಿತವಾದುದು. ದ್ರಾಕ್ಷೇತೋಟವೆಂದರೆ ಪರಲೋಕ, ಯಜಮಾನನೆಂದರೆ ದೇವರು, ಕೂಲಿಯೆಂದರೆ ಕೃಪೆ. ಇಂಥ ಕಥೆಯಲ್ಲಿ ಹೊಲಮನೆಗಳ ಲೆಕ್ಕವನ್ನು ಹುಡುಕುವುದು ಅವಿವೇಕವೆಂದು ಅವರು ಹೇಳುವರು. ಎರಡನೆಯವರು ಇದಕ್ಕೆ ತೀರ ವಿರುದ್ಧ. ಅವರು ಕಥೆಗೆ ಹೊಸ ಉಡುಗೆ ತೊಡಿಸಿ, ಐಶ್ವರ್ಯವಂತನನ್ನು ಮುಂಬಯಿಯ ಕೋಟ್ಯಧೀಶನನ್ನಾಗಿಯೂ, ಅರಸನನ್ನು ದಿಲ್ಲಿಯ ಮಂತ್ರಿಯನ್ನಾಗಿಯೂ ಮಾಡಿ ಸಭೆಯಲ್ಲಿ ನಿಲ್ಲಿಸುವರು. ಕೇಳಿದವರು ಚಪ್ಪಾಳೆ ತಟ್ಟಿ, ದೂರದ ದುಷ್ಟನನ್ನು ಮನಸಾರೆ ಬೈದು, ಹಗುರಾಗಿ ಮನೆಗೆ ಹೋಗುವರು. ಮನೆಯಲ್ಲಿ ಮುಸುರೆ ತಿಕ್ಕುವವಳ ಸಂಬಳವು ಮಾತ್ರ ಹೋದ ವರ್ಷದಷ್ಟೇ ಇರುವುದು!

ಸಾಮ್ಯವನ್ನು ಹೇಳುವ ಕ್ರಮವು ಇದಲ್ಲ. ಹೀಬ್ರೂ ಗ್ರಂಥದ ನಾತಾನ ಪ್ರವಾದಿಯು ದಾವೀದನೆದುರಿಗೆ ಬಡವನ ಒಂದೇ ಕುರಿಮರಿಯನ್ನು ಸಿರಿವಂತನು ಕಿತ್ತುಕೊಂಡ ಕಥೆಯನ್ನು ಹೇಳಿದನು. ಅರಸನು ಸಿಟ್ಟಿನಿಂದ ಎದ್ದುನಿಂತ ಗಳಿಗೆಯಲ್ಲಿಯೇ ಆ ಸಿರಿವಂತನು ಬೇರೆ ಯಾರೂ ಅಲ್ಲವೆಂದು ತೋರಿಸಿಕೊಟ್ಟನು. ಕೇಳಿದವನ ಬೆರಳು ಅವನ ಎದೆಯ ಕಡೆಗೇ ತಿರುಗಬೇಕು. ಅದು ತಿರುಗದಿದ್ದರೆ ಎಷ್ಟೇ ನ್ಯಾಯದ ಮಾತಾಡಿದರೂ ಅದು ಕಥೆಯಷ್ಟೇ ಹೊರತು ಸಾಮ್ಯವಲ್ಲ. ಈ ಕಥೆಗಳನ್ನು ಇಂದಿನ ಕಾಲಕ್ಕೆ ತಂದು ಮರಳಿ ಹೇಳುವುದು ಅವಶ್ಯವೇ ಸರಿ. ಆದರೆ ಅದು ಹೇಳುವವನ ಮತ್ತು ಕೇಳುವವನ ಹೊಸ್ತಿಲಿನಿಂದ ಆರಂಭವಾಗಬೇಕು.

ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿರುವ ದ್ರಾಕ್ಷೇತೋಟದ ಸಾಮ್ಯವನ್ನು ರೋಣ ತಾಲ್ಲೂಕಿನ ಸವಡಿಗೆ ಕರೆತಂದು ನೋಡಬಹುದು. ದ್ರಾಕ್ಷಿಯ ಬದಲು ಎರೆಹೊಲದ ಉಳ್ಳಾಗಡ್ಡಿಯಿರಲಿ. ಫಸಲು ಬಲಿತಿದೆ, ಪಡುವಣದಲ್ಲಿ ಮೋಡವೆದ್ದಿದೆ, ನಾಳೆಗೆಂದು ಬಿಟ್ಟರೆ ಗಡ್ಡೆ ಕೊಳೆಯುವುದು. ಹೊಲದೊಡೆಯನು ನಸುಕಿನಲ್ಲಿಯೇ ಅಗಸಿಗೆ ಬಂದು, ಒಂದು ದಿನದ ಕೂಲಿಯನ್ನು ಗೊತ್ತುಮಾಡಿ, ಗಟ್ಟಿಮುಟ್ಟಾದ ಆಳುಗಳನ್ನು ಹೊಲಕ್ಕೆ ಕಳಿಸುವನು. ಕೆಲಸ ಸಾಗದೆ ಒಂಬತ್ತಕ್ಕೊಮ್ಮೆ ಬರುವನು, ನಡುಹಗಲಿಗೊಮ್ಮೆ, ಮೂರಕ್ಕೊಮ್ಮೆ. ಸಂಜೆ ಐದಕ್ಕೆ ಬಂದಾಗಲೂ ಅಲ್ಲಿ ನಾಲ್ವರು ನಿಂತಿರುವರು. ಒಬ್ಬಳು ಮುದುಕಿ; ಒಬ್ಬನು ಕಲ್ಲುಗಣಿಯಲ್ಲಿ ಬೆರಳುಗಳನ್ನು ಕಳೆದುಕೊಂಡವನು; ಒಬ್ಬಳು ಕಂಕುಳಲ್ಲಿ ಹಸುಗೂಸಿರುವವಳು; ಇನ್ನೊಬ್ಬನು ಗೋವೆಗೆ ಗುಳೆ ಹೋಗಿ ಜ್ವರ ಹಿಡಿದು ಮರಳಿದವನು.

“ಯಾಕವ್ವ, ಮುಂಜಾನಿಂದ ಇಲ್ಲೇ ಯಾಕ ನಿಂತೀರಿ?”

“ನಮ್ಮನ್ನ ಯಾರೂ ಕರೀಲಿಲ್ರೀ ಗೌಡ್ರ.”

ಅವರನ್ನೂ ಹೊಲಕ್ಕೆ ಕರೆದೊಯ್ದನು. ಹೊತ್ತು ಮುಳುಗಿದ ಮೇಲೆ ಕೂಲಿ ಹಂಚುವಾಗ ಕಡೆಗೆ ಬಂದವರನ್ನು ಮೊದಲು ಕರೆದು, ಇಡಿಯ ದಿನದ ಕೂಲಿಯನ್ನೇ ಅವರ ಕೈಗಿತ್ತನು. ನಸುಕಿನಿಂದ ಬಿಸಿಲುಂಡವರು ತಮಗೆ ಹೆಚ್ಚು ಸಿಕ್ಕೀತೆಂದು ಕಾದರು, ಅವರಿಗೂ ಅಷ್ಟೇ ದೊರೆಯಿತು, ಗೊಣಗಿದರು. ಮೂಲದಲ್ಲಿ ಕಥೆಯು ಅಲ್ಲಿ ಯಜಮಾನನ ಉತ್ತರದೊಡನೆ ಮುಗಿಯುವುದು. ಸವಡಿಯಲ್ಲಿ ಅದು ಮನೆಯ ಜಗಲಿಯವರೆಗೆ ಬರಲೇಬೇಕು. ಧಾರವಾಡದಲ್ಲಿ ಓದಿ ಬಂದ ಮಗನು ವಹಿಯನ್ನು ನೋಡಿ, ಹೀಗೆ ಕೊಡುತ್ತ ಹೋದರೆ ಒಕ್ಕಲುತನ ಉಳಿದೀತೆ ಎಂದು ತಂದೆಯನ್ನು ಆಕ್ಷೇಪಿಸುವನು. ತಂದೆಯು ಉತ್ತರ ಕೊಡುವ ಮೊದಲೇ ಒಳಗಿನಿಂದ ತಾಯಿಯ ಮಾತು ಬರುವುದು: “ಸಂಜಿಗೆ ಬಂದವರ ಹಸಿವು ಕಾಲುಭಾಗ ಇರತೈತೇನೋ ತಮ್ಮಾ?”

ಈ ಪ್ರಶ್ನೆಗೆ ಅರ್ಥಶಾಸ್ತ್ರದ ಯಾವ ಪದವೀಧರನೂ ಸುಲಭವಾಗಿ ಉತ್ತರ ಹೇಳಲಾರನು. ಸಂಜೆಯವರೆಗೆ ನಿಂತವರು ಸೋಮಾರಿಗಳೆಂದು ಸುವಾರ್ತೆಯು ಎಲ್ಲಿಯೂ ಹೇಳಿಲ್ಲ. ಅವರನ್ನು ಯಾರೂ ಕರೆಯಲಿಲ್ಲ. ಅಷ್ಟೇ ಅವರ ಅಪರಾಧ. ಕರೆಯುವಾಗ ಎಲ್ಲರೂ ತೋಳಿನ ಬಲವನ್ನು ನೋಡಿದರು, ವಯಸ್ಸನ್ನು ನೋಡಿದರು, ಕೇರಿಯನ್ನೂ ನೋಡಿದರು. ಹಾಗೆ ನೋಡಿ ಕೈಬಿಟ್ಟವರೇ ಆಮೇಲೆ ಆ ನಾಲ್ವರನ್ನು ಮೈಗಳ್ಳರೆಂದು ಜರೆಯುವುದು ಯಾವ ನ್ಯಾಯ? ದಿನದ ಕೂಲಿಯೆಂದರೆ ದಿನದ ಅನ್ನ. ಅದನ್ನು ಒಡೆದು ಕಾಲುಭಾಗ ಕೊಟ್ಟರೆ ವಹಿಯ ಲೆಕ್ಕ ಸರಿಹೋಗುವುದು, ಒಲೆಯ ಲೆಕ್ಕ ಸರಿಹೋಗದು.

ಇನ್ನು, ನಸುಕಿನಲ್ಲಿಯೇ ಬಂದು ಸಂಜೆಯವರೆಗೆ ದುಡಿದರೂ ಕಡಿಮೆ ಕೂಲಿಯನ್ನೇ ಪಡೆಯುವವರ ಗತಿಯೇನು? ಗಂಡಾಳಿಗೊಂದು, ಹೆಣ್ಣಾಳಿಗೊಂದು ಕೂಲಿಯೆಂಬ ರೂಢಿಯು ಈ ಸೀಮೆಯ ಹೊಲಗಳಲ್ಲಿ ಬಲ್ಲವರೆಲ್ಲ ಬಲ್ಲುದೇ. ಕಳೆ ತೆಗೆಯುವಾಗ ಬಾಗಿದ ಬೆನ್ನು ಹೆಂಗಸಿನದು. ಮೆಣಸಿನಕಾಯಿ ಬಿಡಿಸುವಾಗ ಉರಿಯುವ ಕೈ ಹೆಂಗಸಿನದು. ಕೂಲಿ ಹಂಚುವಾಗ ಮಾತ್ರ ಅವಳದು ಹಗುರು ಕೆಲಸ! ಸಮಾನ ಕೆಲಸಕ್ಕೆ ಸಮಾನ ವೇತನವೆಂದು 1976ರಲ್ಲಿಯೇ ಭಾರತದ ಸಂಸತ್ತು ಕಾಯಿದೆಯನ್ನು ಮಾಡಿತು. 2019ರ ವೇತನ ಸಂಹಿತೆಯೂ ಅದೇ ತತ್ತ್ವವನ್ನು ಎತ್ತಿಹಿಡಿದಿದೆ. ಸಾಮ್ಯದ ಯಜಮಾನನು ಒಂದು ತಾಸಿನ ಕೆಲಸಕ್ಕೆ ಇಡಿಯ ಕೂಲಿಯನ್ನು ಕೊಟ್ಟನು. ಇಲ್ಲಿಯ ಯಜಮಾನನು ಇಡಿಯ ದಿನದ ಕೆಲಸಕ್ಕೂ ಇಡಿಯ ಕೂಲಿಯನ್ನು ಕೊಡಲೊಲ್ಲನು. ಹೀಗಿರುವಾಗ ಕಥೆಯು ಪರಲೋಕದ್ದೆಂದು ಹೇಳಿ ತಪ್ಪಿಸಿಕೊಳ್ಳುವುದು ಬಹು ಅನುಕೂಲವಾದ ಭಕ್ತಿಯೇ ಸರಿ.

ಇದಕ್ಕೆ ಪ್ರತಿಯಾಗಿ ಕೆಲವು ಆಕ್ಷೇಪಗಳು ಬರುವುವು. ‘ಹೊಲ ನನ್ನದು, ಹಣ ನನ್ನದು, ಮನಬಂದಂತೆ ಕೊಡುವ ಅಧಿಕಾರ ನನಗಿದೆಯೆಂದು ಕಥೆಯ ಯಜಮಾನನೇ ಹೇಳಲಿಲ್ಲವೆ?’ ಎಂಬುದು ಮೊದಲನೆಯದು. ಹೇಳಿದುದು ನಿಜ, ಈ ಮಾತನ್ನು ಹಿಡಿದು ಎಷ್ಟೋ ಒಡೆಯರು ತಮ್ಮ ಇಚ್ಛೆಯನ್ನೇ ಧರ್ಮವೆಂದು ಸಾರಿರುವರು. ಆದರೆ ಆ ಯಜಮಾನನು ತನ್ನ ಸ್ವಾತಂತ್ರ್ಯವನ್ನು ಯಾವ ಕಡೆಗೆ ಬಳಸಿದನೆಂಬುದನ್ನು ಅವರು ನೋಡಲಿಲ್ಲ. ಗೊತ್ತಾದುದಕ್ಕಿಂತ ಕಡಿಮೆಯನ್ನು ಅವನು ಯಾರಿಗೂ ಕೊಡಲಿಲ್ಲ. ಹೆಚ್ಚು ಕೊಡುವುದಕ್ಕೆ ಮಾತ್ರ ‘ನನ್ನದು’ ಎಂದನು. ಕಡಿಮೆ ಕೊಡುವುದಕ್ಕೆ ‘ನನ್ನದು’ ಎನ್ನುವವನು ಈ ಕಥೆಯನ್ನು ಸಾಕ್ಷಿಗೆ ಕರೆಯಬಾರದು.

‘ಸಂಜೆ ಬಂದವನಿಗೂ ಅಷ್ಟೇ ಕೂಲಿಯಾದರೆ ನಾಳೆ ನಸುಕಿನಲ್ಲಿ ಯಾರು ಬಂದಾರು?’ ಎಂಬುದು ಎರಡನೆಯ ಆಕ್ಷೇಪ. ಇದು ಹಗುರವಾದ ಮಾತಲ್ಲ. ಸಾಮ್ಯವನ್ನು ಕೂಲಿಯ ದರಪಟ್ಟಿಯಂತೆ ಹಿಡಿದರೆ ನಿಶ್ಚಯವಾಗಿ ಹಾಗೆಯೇ ಆಗುವುದು. ಆದರೆ ಕಥೆಯು ದರಪಟ್ಟಿಯಲ್ಲ. ದರಪಟ್ಟಿಯನ್ನು ಬರೆಯುವವನ ಕಣ್ಣಿಗೆ ಹಿಡಿದ ಕನ್ನಡಿ. ಈ ಕನ್ನಡಿಯನ್ನು ಹಿಡಿದ ಒಬ್ಬನ ಇತಿಹಾಸವು ಭಾರತೀಯರಿಗೆ ತಿಳಿದುದೇ. ಇಂಗ್ಲೆಂಡಿನ ಜಾನ್ ರಸ್ಕಿನ್ ಎಂಬ ಲೇಖಕನು 1860ರಲ್ಲಿ ನಾಲ್ಕು ಪ್ರಬಂಧಗಳನ್ನು ಬರೆದು, ಅವುಗಳಿಗೆ ಇದೇ ಸಾಮ್ಯದ ಮಾತಿನಿಂದ ‘ಅನ್‌ಟು ದಿಸ್ ಲಾಸ್ಟ್’ ಎಂಬ ಹೆಸರನ್ನಿಟ್ಟನು. ಬಾಗಿಲಲ್ಲಿ ನಿಂತವರ ಸಂಖ್ಯೆಯನ್ನು ನೋಡಿ ಕೂಲಿಯನ್ನು ಇಳಿಸುವುದು ಅನ್ಯಾಯವೆಂಬುದು ಅವನ ವಾದ. ಓದುಗರ ಕೂಗಾಟವೆಷ್ಟಾಯಿತೆಂದರೆ, ಪತ್ರಿಕೆಯು ಆ ಮಾಲೆಯನ್ನು ನಾಲ್ಕಕ್ಕೇ ನಿಲ್ಲಿಸಿತು. 1862ರಲ್ಲಿ ಅದು ಪುಸ್ತಕವಾಯಿತು. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟ ಗಾಂಧಿಯವರ ಕೈಗೆ ಆ ಪುಸ್ತಕವನ್ನು ಮಿತ್ರನಾದ ಪೋಲಕನು ಕೊಟ್ಟನು. ರೈಲಿನಲ್ಲಿ ಅದನ್ನು ಓದಿದ ಗಾಂಧಿಯವರಿಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಅದೇ ವರ್ಷ ಫೀನಿಕ್ಸಿನ ವಸತಿಯು ಹುಟ್ಟಿತು. ಅಲ್ಲಿ ಬಣ್ಣ, ದೇಶಗಳ ಭೇದವಿಲ್ಲದೆ ತಲೆಗೆ ತಿಂಗಳಿಗೆ 3 ಪೌಂಡುಗಳೆಂದು ಗೊತ್ತುಮಾಡಲಾಯಿತು. 1908ರಲ್ಲಿ ಅವರು ಅದರ ಸಾರವನ್ನು ಗುಜರಾತಿಯಲ್ಲಿ ಬರೆದು ‘ಸರ್ವೋದಯ’ವೆಂದು ಕರೆದರು. ಗಾಂಧಿಯವರು ಆ ಪುಸ್ತಕವನ್ನು ಓದಿ ಮೊದಲು ಮಾಡಿದುದು ಭಾಷಣವಲ್ಲ. ತಮ್ಮ ಮುದ್ರಣಾಲಯದ ಸಂಬಳದ ವಹಿಯನ್ನು ತಿದ್ದಿದುದು. ಮರಳಿ ಹೇಳುವುದೆಂದರೆ ಇದು.

‘ಪರಮತದ ಕಥೆಯು ಕನ್ನಡದ ಮನೆಗಳಿಗೇಕೆ?’ ಎಂದು ಕೇಳುವವರೂ ಉಂಟು. ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ವನ್ನು ಬರೆಯುವಾಗ ಈ ಪ್ರಶ್ನೆಗೆ ತಡೆದು ನಿಲ್ಲಲಿಲ್ಲ. ಅಲ್ಲದೆ ಈ ಕಥೆಯ ಒಡಹುಟ್ಟೊಂದು ಕನ್ನಡದಲ್ಲಿಯೇ ಇದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಆ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚಿನದು ಆಸೆಯೆಂದು ತಿಳಿಸಿ, ಅದನ್ನು ಮರಳಿ ಚೆಲ್ಲಿ ಬರುವಂತೆ ಪತ್ನಿ ಲಕ್ಕಮ್ಮನು ಕಳಿಸಿದಳೆಂದು ಶರಣರ ಕಥನವು ಹೇಳುವುದು. ದುಡಿಯುವವನು ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚನ್ನು ಬೇಡನೆನ್ನುವಳು ಲಕ್ಕಮ್ಮ. ಕೊಡುವವನು ದಿನಕ್ಕೆ ಬೇಕಾದುದಕ್ಕಿಂತ ಕಡಿಮೆ ಕೊಡನೆನ್ನುವುದು ಸುವಾರ್ತೆ. ಲಕ್ಕಮ್ಮನ ಪಾಠವನ್ನು ಬಡವರಿಗೆ ಬೋಧಿಸಿ, ಸುವಾರ್ತೆಯ ಪಾಠವನ್ನು ಸಿರಿವಂತರು ಮರೆತರೆ ಎರಡು ಧರ್ಮಗಳೂ ಕುಂಟಾಗುವುವು.

ಕಥೆಯು ಕೇವಲ ಆತ್ಮೋದ್ಧಾರದ್ದೆನ್ನುವ ಸಭೆಯವರಿಗೂ ಒಂದು ಮಾತು ಸಲ್ಲಬೇಕು. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ, 1841ರಲ್ಲಿ ಬೆಟಗೇರಿಗೂ ಬಂದರು. ಈ ಸೀಮೆಯಲ್ಲಿ ಸಾಮ್ಯಗಳು ಕನ್ನಡದಲ್ಲಿ ಕೇಳಿಬರುತ್ತಿರುವುದು ಸುಮಾರು ಎರಡು ಶತಮಾನಗಳಿಂದ. ಹೀಗಿದ್ದೂ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲರು ಎದ್ದುನಿಂತು, ಭಾರತದ ಕ್ರೈಸ್ತ ಚಿಂತನೆಯು ಮೇಲುಜಾತಿಯ ದರ್ಶನಗಳೊಡನೆ ಸಂವಾದಿಸುವುದರಲ್ಲಿಯೇ ಕಾಲ ಕಳೆಯಿತೆಂದು ಹೇಳಬೇಕಾಯಿತು. ಸಭೆಯಲ್ಲಿ ಬಹುಸಂಖ್ಯಾತರಾದ ದಲಿತರ ಬಾಳುವೆಯು ಆ ಚಿಂತನೆಯೊಳಗೆ ಬಂದೇ ಇರಲಿಲ್ಲ. ಅಗಸಿಯಲ್ಲಿ ಸಂಜೆಯವರೆಗೆ ನಿಂತವರು ಹೊಲದ ಹೊರಗೆ ಮಾತ್ರವಲ್ಲ, ವ್ಯಾಖ್ಯಾನದ ಹೊರಗೂ ನಿಂತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ.

ಇಷ್ಟರವರೆಗೆ ಕೇಳಿದ ಹೊಲದೊಡೆಯನು ಒಂದು ಪ್ರಶ್ನೆಯನ್ನು ಹಾಕಬಹುದು. ‘ಉಳ್ಳಾಗಡ್ಡಿಯ ಬೆಲೆ ಬಿದ್ದ ವರ್ಷ ಚೀಲದ ಖರ್ಚೂ ಹುಟ್ಟುವುದಿಲ್ಲ. ಬರ ಬಂದರೆ ಬಿತ್ತಿದ ಬೀಜವೂ ಮರಳದು. ಬ್ಯಾಂಕಿನವರು ಬಾಗಿಲಿಗೆ ಬರುವರು. ನಾನೇ ಸಾಲಗಾರನಾಗಿರುವಾಗ ನನ್ನನ್ನು ಯಜಮಾನನೆನ್ನುವುದು ಹೇಗೆ?’ ಈ ಮಾತಿನಲ್ಲಿ ಸತ್ಯವಿದೆ. ಅದನ್ನು ಅಲ್ಲಗಳೆಯುವವನು ಎರೆಯ ಸೀಮೆಯನ್ನು ಕಂಡವನಲ್ಲ. ಆದರೆ ಸರಿಯಾಗಿ ಈ ಮಾತಿಗಾಗಿಯೇ ಇನ್ನೊಂದು ಸಾಮ್ಯವಿದೆ.

ಮತ್ತಾಯನ 18ನೆಯ ಅಧ್ಯಾಯದಲ್ಲಿ ಒಬ್ಬ ಸೇವಕನು ಅರಸನಿಗೆ 10,000 ತಲಾಂತುಗಳ ಸಾಲವನ್ನು ತೀರಿಸಬೇಕಾಗಿದ್ದಿತು. ಒಂದು ತಲಾಂತೆಂದರೆ ಆ ಕಾಲದ 6,000 ದಿನಗಳ ಕೂಲಿ. ಒಟ್ಟು ಸಾಲವು 6 ಕೋಟಿ ದಿನಗಳ ದುಡಿಮೆಯಾಯಿತು. ಅರಸನು ಮರುಗಿ ಎಲ್ಲವನ್ನೂ ಬಿಟ್ಟುಕೊಟ್ಟನು. ಹೊರಗೆ ಬಂದ ಸೇವಕನು ತನಗೆ 100 ದಿನಗಳ ಕೂಲಿಯಷ್ಟು ಕೊಡಬೇಕಾಗಿದ್ದ ಜೊತೆಯ ಸೇವಕನ ಕುತ್ತಿಗೆಯನ್ನು ಹಿಡಿದು ಸೆರೆಗೆ ಹಾಕಿಸಿದನು. ಅವನು ಅರಸನಲ್ಲ, ಭಿಕ್ಷುಕನೂ ಅಲ್ಲ, ನಡುವಿನವನು. ಮೇಲಿನಿಂದ ಕ್ಷಮೆಯನ್ನು ಬೇಡುವನು. ಕೆಳಗಿನವನ ಮೇಲೆ ಲೆಕ್ಕವನ್ನು ಹೇರುವನು. ಓದುಬರಹ ಬಲ್ಲ, ನಾಲ್ಕು ಕೂರಿಗೆ ಹೊಲವಿರುವ, ಮನೆಯಲ್ಲೊಬ್ಬಳು ಆಳಿರುವ ಪ್ರತಿಯೊಂದು ಕುಟುಂಬದ ಚಿತ್ರವೂ ಇದರಲ್ಲಿದೆ.

ಈ ನಾಡಿನಲ್ಲಿ ಅದರ ಮೊದಲನೆಯ ಅಂಕವು ನಡೆದುಹೋಗಿದೆ. 1980ರ ಜುಲೈ 21ರಂದು, ಮಲಪ್ರಭೆಯ ಕಾಲುವೆಯ ಹೆಸರಿನಲ್ಲಿ ಹೇರಿದ ಅಭಿವೃದ್ಧಿ ಕರದ ವಿರುದ್ಧ ನರಗುಂದ ನವಲಗುಂದಗಳ ರೈತರು ಎದ್ದರು, ಗೋಲಿಬಾರಾಯಿತು, ಪ್ರಾಣಹಾನಿಯಾಯಿತು. ಕೊಡಲಾರದವನಿಂದ ಕೇಳುವುದು ಅನ್ಯಾಯವೆಂದು ಅಂದು ರೈತನು ಸರ್ಕಾರಕ್ಕೆ ಕಲಿಸಿದನು. 2018ರಲ್ಲಿ ರಾಜ್ಯ ಸರ್ಕಾರವು ಬೆಳೆಸಾಲದ ಮನ್ನಾವನ್ನು ಘೋಷಿಸಿದಾಗ ಅದನ್ನು ಯಾರೂ ಭಿಕ್ಷೆಯೆನ್ನಲಿಲ್ಲ, ಹಕ್ಕೆಂದೇ ಹೇಳಿದರು, ಸರಿಯಾಗಿಯೇ ಹೇಳಿದರು. ಎರಡನೆಯ ಅಂಕವೇ ಪರೀಕ್ಷೆಯದು. ಹಾಗೆ ಹೇಳಿದವನ ಹೊಲದಲ್ಲಿ ಹೆಣ್ಣಾಳಿನ ಕೂಲಿಯು ಆ ವರ್ಷ ಸರಿಯಾಯಿತೆ? ಅವಳು ಮಗಳ ಬಾಣಂತನಕ್ಕೆಂದು ಮುಂಗಡವಾಗಿ ಪಡೆದ ಹಣವು ವಹಿಯಿಂದ ಅಳಿಯಿತೆ? ಅದೇ ಹೆಂಗಸರು ಕಿರುಸಾಲದ ವಾರದ ಕಂತಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಡುವಷ್ಟು ಕಾಟ ಹೆಚ್ಚಿದ ಮೇಲೆ, 2025ರ ಫೆಬ್ರವರಿಯಲ್ಲಿ ಬಲಾತ್ಕಾರದ ವಸೂಲಿಯ ವಿರುದ್ಧ ಕರ್ನಾಟಕ ಸರ್ಕಾರವು ಸುಗ್ರೀವಾಜ್ಞೆಯನ್ನು ತರಬೇಕಾಯಿತು. ಕಾಯಿದೆಯು ಕುತ್ತಿಗೆಯ ಮೇಲಿನ ಕೈಯನ್ನು ತೆಗೆಸಬಲ್ಲುದು. ಆ ಹೆಂಗಸಿಗೆ ಸಾಲವೇ ಬೇಡವಾಗುವಷ್ಟು ಕೂಲಿಯನ್ನು ಕೊಡಿಸುವುದು ಅದರಿಂದಾಗದು. ಅದು ಕೊಡುವವನ ಕೈಯಲ್ಲಿದೆ.

ನಷ್ಟವು ಮೇಲಿನಿಂದ ಬರುವುದು ದಿಟ. ಆದರೆ ಪ್ರತಿಯೊಬ್ಬನೂ ಅದನ್ನು ತನಗಿಂತ ಕೆಳಗಿನವನ ತಲೆಗೆ ದಾಟಿಸುತ್ತ ಹೋದರೆ, ಕಟ್ಟಕಡೆಗೆ ಅದು ಉತ್ತರ ಕೊಡಲಾರದವಳ ಮೇಲೆ ಬೀಳುವುದು. ಮೇಲಿನವನೊಡನೆ ಹೋರಾಡುವುದೂ ಕೆಳಗಿನವಳಿಗೆ ನ್ಯಾಯ ಕೊಡುವುದೂ ಬೇರೆಬೇರೆ ಧರ್ಮಗಳಲ್ಲ. ಎರಡನೆಯದನ್ನು ಮಾಡದವನ ಮೊದಲನೆಯ ಕೂಗಿಗೆ ಬಲವಿರದು.

ಹೀಗಾಗುವುದು ಅಸಾಧ್ಯವೆನ್ನುವವರು ಬಹುದೂರ ಹೋಗಬೇಕಾಗಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಭಾರತದ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲಿ ಅದು ಮೊದಲನೆಯದೆಂದು ಪ್ರಸಿದ್ಧವಾಗಿದೆ. ಉಳ್ಳವನು ಸಾಹುಕಾರನಾಗಿ ಬಡ್ಡಿ ಎಣಿಸುವುದಕ್ಕೆ ಬದಲಾಗಿ, ನೆರೆಯವನ ಸಾಲಕ್ಕೆ ತಾನೂ ಹೊಣೆಯಾಗಿ ನಿಲ್ಲುವ ವ್ಯವಸ್ಥೆಯದು. ಸಾಲಗಾರನ ಸಾಮ್ಯಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ವ್ಯಾಖ್ಯಾನವು ಬೇಕೆ? ಆದರೆ ಅಲ್ಲಿಯೂ ಮಾಡಬೇಕಾದುದು ಉಳಿದಿದೆ. ಬೆಳೆಸಾಲಕ್ಕೆ ಹೊಲದ ಉತಾರ ಬೇಕು. ಹೊಲವಿಲ್ಲದ ಕೂಲಿಯವಳು ಸಹಕಾರದ ಬಾಗಿಲಿನಲ್ಲಿಯೂ ಸಂಜೆಯ ಆಳಾಗಿಯೇ ನಿಲ್ಲುವಳು.

ಆದುದರಿಂದ ಸಾಮ್ಯಗಳನ್ನು ಮರಳಿ ಹೇಳಬಯಸುವವರು ಅರಸನಿಗೂ ಮಂತ್ರಿಗೂ ಹೊಸ ಹೆಸರು ಹುಡುಕುವ ಶ್ರಮವನ್ನು ಬಿಡಲಿ. ಭಾನುವಾರದ ಬೋಧಕನಿರಲಿ, ವೇದಿಕೆಯ ವಾಗ್ಮಿಯಿರಲಿ, ಕಥೆಯನ್ನು ಆರಂಭಿಸುವ ಮೊದಲು ತನ್ನ ಮನೆಯ ವಹಿಯನ್ನು ಒಮ್ಮೆ ಬಿಚ್ಚಿ ನೋಡಲಿ: ಹೆಣ್ಣಾಳಿಗೆಷ್ಟು, ಗಂಡಾಳಿಗೆಷ್ಟು, ಜ್ವರ ಬಂದ ದಿನ ಕಡಿದುದೆಷ್ಟು, ಮುಪ್ಪಿನವಳೆಂದು ಕರೆಯದೆ ಬಿಟ್ಟುದು ಯಾರನ್ನು. ಆ ಲೆಕ್ಕವನ್ನು ಸರಿಪಡಿಸಿದ ಮೇಲೆ ಕಥೆಯನ್ನು ಹೇಳಿದರೂ ಆಯಿತು, ಹೇಳದಿದ್ದರೂ ಆಯಿತು.

ಸವಡಿಯ ಅಗಸಿಯಲ್ಲಿ ಹೊತ್ತು ಇಳಿಯುತ್ತಿದೆ. ಮುದುಕಿಯು ಸೆರಗಿನ ತುದಿಯಲ್ಲಿ ಮುಖ ಒರೆಸಿಕೊಂಡು ದಾರಿ ನೋಡುತ್ತಿರುವಳು. ಅವಳಿಗೆ ವ್ಯಾಖ್ಯಾನ ಬೇಕಾಗಿಲ್ಲ. ಯಾರಾದರೂ ಬಂದು ಕರೆಯಬೇಕಾಗಿದೆ.